ಕುದುರೆ ಡಾಕ್ಟ್ರಮ್ಮ ಮತ್ತು ಸಣ್ಣ ಯಜಮಾನ

ಮಾರ್ಚ್ ೯, ೧೮೯೪

ಡಾಕ್ಟ್ರಮ್ಮನವರಿಗೆ,

ಈ ಕಾಗದದ ಜೊತೆ ಮೊದಲ ಕಂತಿನ ಕುದುರೆಗಳು ಬರುತ್ತಿವೆ. ನಾನೇ ಆರಿಸಿದ್ದು. ಹೇಗೆ ಆರಿಸಿದೆ ಎಂದು ಕೇಳಬೇಡಿ. ಇಷ್ಟು ವರ್ಷ ಹೆಂಗಸರನ್ನು ಹೇಗೆ ಆರಿಸುತ್ತಿದ್ದೆನೋ ಹಾಗೇ, ಕಣ್ಣು ಮತ್ತು ನಡಿಗೆ ನೋಡಿ.

ನ್ಯಾಯಾಧೀಶರ ಹೆಂಡತಿಯ ವಿಷಯದಲ್ಲಿ ಆದ ಗಲಾಟೆ ನಿಮ್ಮ ಕಿವಿಗೂ ಬಿದ್ದೇ ಇರುತ್ತದೆ. ಅಣ್ಣನ ಟ್ರಾಮ್ ಕಂಪನಿಗೆ ಗಾಡಿ ಎಳೆಯುವ ಕುದುರೆ ಕೊಳ್ಳಲು ಒಬ್ಬ ಆಳು ಬೇಕಿತ್ತು, ಅವನಿಗೆ ಈ ತಮ್ಮನನ್ನು ಅಟ್ಟಲು ಒಂದು ಜಾಗ ಬೇಕಿತ್ತು. ಎರಡೂ ಕೂಡಿ ಬಂತು. ಈಗ ರೈಲು ಹಳಿ ಮುಗಿಯುವ ಕಡೆ, ಬಯಲಿನ ನಡುವೆ, ತಗಡಿನ ಸೂರಿನ ಮನೆಯಲ್ಲಿದ್ದೇನೆ. ಬೆಳಿಗ್ಗೆ ಎದ್ದರೆ ಧೂಳು, ಸಂಜೆಯಾದರೆ ಗಾಳಿ. ಮಾತಾಡಲು ಅಡುಗೆಯಮ್ಮ ಒಬ್ಬಳು. ಅವಳಿಗೆ ಕಿವಿ ಕೇಳಿಸುವುದಿಲ್ಲ.

ನಿಮಗೇ ಯಾಕೆ ಬರೆಯುತ್ತಿದ್ದೇನೆ ಅಂದರೆ, ಅವತ್ತು ನ್ಯಾಯಾಧೀಶರ ಆಳುಗಳು ಅಟ್ಟಿಸಿಕೊಂಡು ಬಂದಾಗ ನಾನು ನಿಮ್ಮ ಲಾಯಕ್ಕೆ ನುಗ್ಗಿದೆನಲ್ಲ, ಆಗ ನೀವು ತಲೆಯೆತ್ತದೆ, "ನಿಂತಿದ್ದೀರಲ್ಲ, ಆ ಕಾಲು ಹಿಡ್ಕೊಳ್ಳಿ" ಎಂದಿರಿ. ರೇಷ್ಮೆ ಕೋಟಿನಲ್ಲೇ ಕುದುರೆಯ ಹಿಂಗಾಲು ಹಿಡಿದು ಕೂತೆ. ಆಳುಗಳು ಬಂದು ಕೇಳಿದರೆ, "ಇಲ್ಲಿರೋದು ಕುದುರೆಗಳು, ಜೊತೆಗೆ ಒಂದು ಕತ್ತೆ. ಯಾವುದು ಬೇಕು?" ಎಂದಿರಿ. ನಲವತ್ತರ ಹತ್ತಿರ ಬಂದ ನನ್ನನ್ನು ಯಾವ ಹೆಂಗಸೂ ಅಷ್ಟು ಸರಿಯಾಗಿ ಕರೆದಿರಲಿಲ್ಲ.

ಉತ್ತರ ಬರೆಯಿರಿ, ಬೈಗುಳವಾದರೂ ಸರಿ.

— ಸಣ್ಣ ಯಜಮಾನ


ಮಾರ್ಚ್ ೨೭

ಸಣ್ಣ ಯಜಮಾನರಿಗೆ,

ಕುದುರೆಗಳು ತಲುಪಿದವು. ಕೆಂಚು ಕುದುರೆಗೆ ಎಡಗಣ್ಣು ಕಾಣುವುದಿಲ್ಲ. ನೀವು ಕಣ್ಣು ನೋಡಿ ಆರಿಸಿದ್ದು ಎಂದು ಬರೆದಿದ್ದೀರಿ, ಬಹುಶಃ ಬಲಗಣ್ಣು ಇರಬೇಕು. ಎರಡಕ್ಕೆ ಗೊರಸು ಸೀಳಿದೆ, ಮೇಣ ತುಂಬಿ ಮಾರಿದ್ದಾರೆ. ಉಳಿದವು ಪರವಾಗಿಲ್ಲ.

ಇನ್ನು ಮುಂದೆ ಬಾಯಿ ತೆರೆದು ಹಲ್ಲು ನೋಡಿ. ಕಣ್ಣಿನ ಮುಂದೆ ಕೈ ಆಡಿಸಿ. ಗೊರಸಿಗೆ ಬಿಸಿನೀರು ಹುಯ್ದು ಬಟ್ಟೆಯಲ್ಲಿ ಉಜ್ಜಿ. ಓಡಿಸಿ ನೋಡಿದ ಮೇಲೆ ಎದೆಗೆ ಕಿವಿ ಇಡಿ. ಕೋಟು ಕೊಳೆಯಾಗುತ್ತದೆ, ಆಗಲಿ.

ನನಗೆ ಬರೆದ ಕಾಗದ ಕಂಪನಿಯ ಗುಮಾಸ್ತರ ಮೇಜಿನ ಮೇಲೆ ಹಾದು ಬರುತ್ತದೆ. ಹಾಗಾಗಿ ಹೆಂಗಸರ ನಡಿಗೆಯ ವಿಷಯ ಬೇಡ. ಇಲ್ಲಿ ಮೊದಲು ಡಾಕ್ಟರಾಗಿದ್ದ ಅಪ್ಪ ತೀರಿಕೊಂಡು ಮೂರು ವರ್ಷವಾದರೂ ಕಂಪನಿಯ ವರದಿಗೆ ಅವರ ಹೆಸರೇ ಹಾಕುತ್ತೇನೆ, ಹೆಂಗಸಿನ ಸಹಿಗೆ ಅಲ್ಲಿ ಬೆಲೆಯಿಲ್ಲ. ಅಪ್ಪನ ಬೂಟು, ಅಪ್ಪನ ಷರಾಯಿ, ಅಪ್ಪನ ಹೆಸರು. ಊರವರು ಆಡಿಕೊಳ್ಳಲು ಇಷ್ಟು ಸಾಕು. ನೀವು ಬೇರೆ ಸೇರಬೇಡಿ.

— ಕುದುರೆ ಡಾಕ್ಟರು, ಟ್ರಾಮ್ ಲಾಯ


ಏಪ್ರಿಲ್ ೧೪

ಡಾಕ್ಟ್ರಮ್ಮನವರಿಗೆ,

ಇದನ್ನು ಕಂಪನಿಗೆ ಕಳಿಸುತ್ತಿಲ್ಲ. ಕುದುರೆ ಹೊಡೆದುಕೊಂಡು ಬರುವ ಆಳಿನ ಕೈಯಲ್ಲೇ ಕೊಟ್ಟಿದ್ದೇನೆ, ಗುಮಾಸ್ತರು ಬೇರೆ ಮನರಂಜನೆ ಹುಡುಕಿಕೊಳ್ಳಲಿ.

ನೀವು ಹೇಳಿದಂತೆ ಎದೆಗೆ ಕಿವಿ ಇಟ್ಟೆ. ಸಂತೆಯವರೆಲ್ಲ ನಿಂತು ನಕ್ಕರು. ದಲ್ಲಾಳಿ ಒಬ್ಬ, "ಏನಂತೆ ಬುದ್ಧಿ, ಒಪ್ಪಿಗೆ ಕೊಡ್ತಾ?" ಎಂದ. ನಾನು ಇನ್ನೂ ಕೇಳುತ್ತಲೇ ಇದ್ದೆ. ಒಳಗೆ ಯಾರೋ ದೂರದಲ್ಲಿ ಸೌದೆ ಒಡೆಯುತ್ತಿರುವ ಹಾಗೆ ಸದ್ದು. ಒಂದು ಕುದುರೆಯದು ಮಾತ್ರ ನಡುನಡುವೆ ತಪ್ಪುತ್ತಿತ್ತು. ಅದನ್ನು ಬಿಟ್ಟೆ. ದಲ್ಲಾಳಿಯ ನಗು ಅಲ್ಲಿಗೇ ನಿಂತಿತು.

ನಿಮಗೊಂದು ಮಾತು ಹೇಳಲೇ? ನನಗೆ ಸಾಕಾಗಿದೆ. ಯಾವುದೇ ಕೋಣೆಗೆ ಕಾಲಿಟ್ಟರೂ ನಗಿಸಬೇಕು, ಹೊಗಳಬೇಕು, ಹೋಗುವಾಗ ಹಿಂತಿರುಗಿ ನೋಡಬೇಕು. ಇಷ್ಟು ಕಾಲ ಅದನ್ನು ಸುಖ ಅಂದುಕೊಂಡಿದ್ದೆ. ಅದೂ ಒಂದು ನೌಕರಿ, ರಜೆ ಇಲ್ಲದ್ದು. ಇಲ್ಲಿ ಯಾರೂ ನೋಡುವವರಿಲ್ಲ. ನಾಲ್ಕು ದಿನ ಗಡ್ಡ ಹೆರೆಯದೆ ಇದ್ದೆ, ಯಾರ ಎದೆಯೂ ಒಡೆಯಲಿಲ್ಲ.

ನೀವು ಕೆಲಸ ಮುಗಿಸಿ ಮನೆಗೆ ಹೋಗಿ ಏನು ಮಾಡುತ್ತೀರಿ?

— ಸ. ಯ.


ಮೇ ೫

ಸಣ್ಣ ಯಜಮಾನರಿಗೆ,

ಈ ಸಲದ ಕುದುರೆಗಳು ಚೆನ್ನಾಗಿವೆ. ಲಾಯದ ಮೇಸ್ತ್ರಿ ನಂಬಲಿಲ್ಲ. "ಚಿಟ್ಟೆ ಆರಿಸಿದ್ದಾ ಇವನ್ನ? ಬಿಡಿ ಅಮ್ಮಾ, ಬೇರೆ ಯಾರೋ ಕೈ ಹಾಕಿರಬೇಕು" ಎಂದ. ಊರಲ್ಲಿ ನಿಮ್ಮನ್ನು ಚಿಟ್ಟೆ ಎನ್ನುತ್ತಾರೆ, ಗೊತ್ತಿರಬಹುದು.

ಮನೆಗೆ ಹೋಗಿ ಏನು ಮಾಡುತ್ತೇನೆ ಎಂದು ಕೇಳಿದ್ದೀರಿ. ಬೂಟು ಬಿಚ್ಚುತ್ತೇನೆ. ಅದಕ್ಕೇ ಬಹಳ ಹೊತ್ತು ಬೇಕು, ಕಾಲು ಊದಿರುತ್ತದೆ. ಆಮೇಲೆ ಕೈ ತೊಳೆಯುತ್ತೇನೆ, ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ. ಬಾಗಿಲ ಬಳಿ ಕೂತು ಅಪ್ಪನ ಚುಟ್ಟ ಹಚ್ಚುತ್ತೇನೆ. ಎದುರು ಮನೆಯವಳು ಕಿಟಕಿ ಮುಚ್ಚುತ್ತಾಳೆ. ಅಷ್ಟೇ. ಮದುವೆ ಮಾಡಿಕೋ ಎಂದು ಹೇಳುವವರೂ ಈಗ ಸುಮ್ಮನಾಗಿದ್ದಾರೆ. ಆ ನೆಮ್ಮದಿಯೂ ಒಂಥರಾ ಸುಸ್ತು.

ಬೀದಿಯಲ್ಲಿ ವಿದ್ಯುತ್ತಿನ ಕಂಬ ನೆಡುತ್ತಿದ್ದಾರೆ. ಮೇಸ್ತ್ರಿ ಕೇಳುತ್ತಾನೆ, "ಕುದುರೆ ಇಲ್ಲದೆ ಗಾಡಿ ಓಡಿದ್ರೆ ನಾವೇನು ಮಾಡೋದು, ಅಮ್ಮಾ?" ಎಂದು. ನಿಮ್ಮ ಅಣ್ಣನವರಿಗೆ ಗೊತ್ತಿರಬೇಕು. ನನಗೆ ಯಾರೂ ಏನೂ ಹೇಳಿಲ್ಲ.

ಎದೆಯ ಸದ್ದಿಗೆ ಸೌದೆ ಒಡೆಯುವುದು ಎಂದಿದ್ದೀರಿ. ಅಪ್ಪ ಬಾಗಿಲು ಬಡಿದ ಹಾಗೆ ಎನ್ನುತ್ತಿದ್ದರು. ನಿನ್ನೆ ಎರಡೂ ನೆನೆದು ಕೇಳಿದೆ. ನಿಮ್ಮದೇ ಸರಿ ಅನ್ನಿಸಿತು.

— ಕು. ಡಾ.


ಜೂನ್ ೨

ಡಾಕ್ಟ್ರೇ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳಿದರೆ ನೀವು ನನ್ನನ್ನು ಮತ್ತೆ ಚಿಟ್ಟೆ ಎನ್ನುತ್ತೀರಿ. ಹಾಗಾಗಿ ಹೇಳುವುದಿಲ್ಲ.

ಇಲ್ಲಿ ಕೆಲಸ ಹೆಚ್ಚಾಗಿದೆ. ಮನೆಯಲ್ಲಿ ಮೊದಲಿನ ನಿಶ್ಶಬ್ದವಿಲ್ಲ. ಯಾಕೆ ಎಂದು ಮುಂದೆ ಯಾವಾಗಲಾದರೂ ಬರೆಯುತ್ತೇನೆ. ಈಗ ಬರೆಯಲು ಹೊರಟರೆ ಮಾತು ಕೂಡುತ್ತಿಲ್ಲ. ಮಾತಿಗೆ ಯಾವತ್ತೂ ಬರವಿಲ್ಲದ ನಾನು ಹೀಗೆ ಬರೆಯುತ್ತೇನೆಂದು ಅಂದುಕೊಂಡಿರಲಿಲ್ಲ.

ಈ ಸಲ ಒಂದು ಬೂದು ಗಂಡು ಕುದುರೆ ಕಳಿಸಿದ್ದೇನೆ. ನಾನು ಕೊಂಡ ಕುದುರೆಗಳಲ್ಲೆಲ್ಲ ಅದೇ ಶ್ರೇಷ್ಠ. ಅದನ್ನು ನೋಡುವಾಗ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿಬಿಡಿ, ಯಾರೂ ಕೇಳಿಸಿಕೊಳ್ಳದಿದ್ದರೂ ಸರಿ.

ನಾನು ಊರಿಗೆ ವಾಪಸು ಬಂದರೆ ನಿಮ್ಮ ಬಾಗಿಲ ಬಳಿ ಇನ್ನೊಬ್ಬರು ಕೂರಲು ಜಾಗವಿದೆಯೇ? ತಮಾಷೆಗೆ ಕೇಳಿದೆ ಎಂದು ಬೇಕಾದರೆ ಅಂದುಕೊಳ್ಳಿ.

— ನಿಮ್ಮ, ಸ. ಯ.


ಜುಲೈ ೧೧

ಸಣ್ಣ ಯಜಮಾನರಿಗೆ,

ಕುದುರೆಗಳು ತಲುಪಿದವು. ಬೂದು ಕುದುರೆ ಬಲವಾಗಿದೆ.

ಕೆಲಸ ಬಹಳ. ಹೆಚ್ಚು ಬರೆಯಲಾರೆ.

— ಕು. ಡಾ.


ಜುಲೈ ೨೯

ಡಾಕ್ಟ್ರಮ್ಮನವರಿಗೆ,

ನಿಮ್ಮ ಎರಡು ಸಾಲು ಬಂತು. ಅಕ್ಷರ ಕೂಡ ನಿಮ್ಮದಲ್ಲದ ಹಾಗೆ ವಕ್ರವಾಗಿದೆ. ಎಷ್ಟು ಕೋಪದಲ್ಲಿ, ಎಷ್ಟು ಅವಸರದಲ್ಲಿ ಬರೆದಿದ್ದೀರೆಂದು ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ಬಾಗಿಲ ಬಳಿ ಜಾಗ ಕೇಳಿದ್ದು ತಪ್ಪಾಯಿತು. ಹೆಂಗಸರ ಜೊತೆ ನಾನು ಆಡಿದ ಮಾತುಗಳನ್ನೆಲ್ಲ ಕೂಡಿಹಾಕಿದರೆ ಈ ಮಾತೂ ಅದರಲ್ಲೇ ಒಂದಾಗಿ ಕಂಡಿರಬೇಕು. ಆಗಲಿ. ಇನ್ನು ಮುಂದೆ ಕುದುರೆಯ ವಿಷಯವನ್ನಷ್ಟೇ ಬರೆಯುತ್ತೇನೆ.

— ಸಣ್ಣ ಯಜಮಾನ


ಸೆಪ್ಟೆಂಬರ್ ೩

ಡಾಕ್ಟ್ರಮ್ಮನವರಿಗೆ,

ಕುದುರೆಯ ವಿಷಯ. ಈ ಕಂತಿನಲ್ಲಿ ಎಲ್ಲವೂ ಎಳೆಯವು. ಒಂದರ ಮೂಗಿನಲ್ಲಿ ನೀರಿಳಿಯುತ್ತಿತ್ತು, ಅದನ್ನು ಇಲ್ಲೇ ಉಳಿಸಿಕೊಂಡಿದ್ದೇನೆ. ಸರಿ ಮಾಡಿದೆನೇ?

ನೀವು ಚೆನ್ನಾಗಿದ್ದೀರಾ? ಇದೊಂದು ಕುದುರೆಯ ವಿಷಯವಲ್ಲ.

— ಸ. ಯ.


ಸೆಪ್ಟೆಂಬರ್ ೨೦

ಸಣ್ಣ ಯಜಮಾನರಿಗೆ,

ಸರಿ ಮಾಡಿದಿರಿ. ಮೂಗು ಸೋರುವುದನ್ನು ಉಳಿದವುಗಳ ನೀರಿನ ತೊಟ್ಟಿಯ ಹತ್ತಿರ ಬಿಡಬೇಡಿ.

ಕುದುರೆ ತಂದ ಆಳು ಮೇಸ್ತ್ರಿಯ ಹತ್ತಿರ ಹರಟುತ್ತಿದ್ದ. ನಿಮ್ಮ ಅಂಗಳದ ಹಗ್ಗದ ಮೇಲೆ ಪುಟ್ಟ ಲಂಗ ಒಣಗುತ್ತಿತ್ತಂತೆ. ಮನೆಯೊಳಗಿಂದ ಹಾಡು ಕೇಳುತ್ತಿತ್ತಂತೆ. "ಸಣ್ಣ ಯಜಮಾನ್ರು ಅಲ್ಲೂ ಸಂಸಾರ ಹೂಡಿದ್ದಾರೆ" ಎಂದ. ಇಬ್ಬರೂ ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ನಿಶ್ಶಬ್ದವಿಲ್ಲ ಎಂದು ನೀವೇ ಬರೆದಿದ್ದಿರಿ, ಅರ್ಥ ಮಾಡಿಕೊಳ್ಳದ್ದು ನನ್ನ ದಡ್ಡತನ. ಒಳ್ಳೆಯದಾಗಲಿ.

ಮುಂದಿನ ತಿಂಗಳಿಂದ ಕುದುರೆಗಳ ವಿಷಯ ಹೊಸ ಡಾಕ್ಟರಿಗೆ ಬರೆಯಿರಿ. ಕಂಪನಿ ಬೇರೆಯವರನ್ನು ನೇಮಿಸಿದೆ. ಒಳ್ಳೆಯವರೆಂದು ಕೇಳಿದ್ದೇನೆ.

— ಕು. ಡಾ.


ಅಕ್ಟೋಬರ್ ೮

ಡಾಕ್ಟ್ರೇ,

ನಿಮ್ಮನ್ನು ಯಾಕೆ ತೆಗೆದರು ಎಂದು ಅಣ್ಣನಿಗೆ ತಂತಿ ಕೊಟ್ಟೆ. ಉತ್ತರ ಬಂತು. "ಜೂನ್‌ನಲ್ಲಿ ಬೂದು ಕುದುರೆ ಕಂಬಕ್ಕೆ ಒತ್ತಿ ಬಲಗೈ ಜಜ್ಜಿದೆ. ಒಂದು ಕೈಯವಳಿಂದ ಕೆಲಸ ಸಾಗದು."

ಜೂನ್‌ನಲ್ಲಿ! ಜುಲೈಯ ಆ ಕಾಗದ ಎಡಗೈಯಲ್ಲಿ ಬರೆದದ್ದು. ಅದನ್ನು ಹಿಡಿದು ನಾನು ಕೋಪ, ಅವಸರ ಎಂದು ಅಕ್ಷರ ಶಾಸ್ತ್ರ ಹೇಳಿದೆ. ಬೂದು ಕುದುರೆ ಬಲವಾಗಿದೆ ಎಂದಷ್ಟೇ ಬರೆದಿರಿ. ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಎಂದು ಬೇರೆ ಕೇಳಿದ್ದೆ. ನನ್ನ ಮುಖ ನನಗೇ ನೋಡಿಕೊಳ್ಳಲು ಆಗುತ್ತಿಲ್ಲ.

ಈಗ ನನ್ನ ಮನೆಯ ವಿಷಯ. ಲಂಗ ನನ್ನ ಮಗಳದ್ದು. ಏಳು ವರ್ಷ. ಅವಳ ತಾಯಿ ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದಳು. ಒಂದು ಕಾಲದಲ್ಲಿ ನಾನು ಆ ಕಂಪನಿಯ ಹಿಂದೆ ಊರೂರು ತಿರುಗಿದೆ, ಬೇಸರವಾದಾಗ ತಿರುಗುವುದು ಬಿಟ್ಟೆ. ಮಗುವಿದೆ ಎಂದು ನನಗೆ ಗೊತ್ತಿರಲಿಲ್ಲ. ಅಥವಾ ಗೊತ್ತುಮಾಡಿಕೊಳ್ಳಲಿಲ್ಲ. ಮೇ ಕೊನೆಯಲ್ಲಿ ಆ ನಾಟಕದ ಕಂಪನಿಯ ಮುದುಕಿಯೊಬ್ಬಳು ಹುಡುಗಿಯನ್ನು ಕರೆತಂದು, "ತಾಯಿ ಹೋದಳು, ನಮ್ಮ ಕೈಲಿ ಸಾಕೋಕಾಗಲ್ಲ, ನಿಮ್ಮದು ನೀವೇ ನೋಡ್ಕೊಳ್ಳಿ" ಎಂದು ಬಾಗಿಲಲ್ಲಿ ಬಿಟ್ಟು ಹೋದಳು. ಹುಡುಗಿಗೆ ನನ್ನ ಹುಬ್ಬೇ ಇದೆ. ನನ್ನನ್ನು ಮಾವ ಎನ್ನುತ್ತಾಳೆ. ಹಾಗೆ ಹೇಳಿಕೊಟ್ಟವನು ನಾನೇ.

ನಿಮಗೆ ಬರೆಯಲಿಲ್ಲ. ಬರೆದರೆ ನೀವು ಮೇಸ್ತ್ರಿಯ ಹಾಗೆ ನಗುತ್ತೀರಿ ಎಂದುಕೊಂಡೆ.

ನನ್ನನ್ನು ಮದುವೆಯಾಗಿ. ನಿಮ್ಮ ಕೈ ಹೋದದ್ದು ನನ್ನ ಕುದುರೆಯಿಂದ. ಇನ್ನು ಮುಂದೆ ನೀವು ದುಡಿಯಬೇಕಾಗಿಲ್ಲ. ನಾನಿದ್ದೇನೆ.

— ಸ. ಯ.


ಅಕ್ಟೋಬರ್ ೩೦

ಸಣ್ಣ ಯಜಮಾನರಿಗೆ,

ಬೇಡ.

ನಿಮ್ಮ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಹುಡುಗಿಯ ಸಾಲುಗಳು ಮುಗಿಯುವವರೆಗೆ ಚೆನ್ನಾಗಿತ್ತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಏನು ಬರೆಯುತ್ತಿದ್ದೆನೋ ಏನೋ. ಆಮೇಲೆ ಬಂತು, ಕೈ ಹೋಗಿದೆ ಆದ್ದರಿಂದ ಮದುವೆಯಾಗಿ ಎಂದು. ಕುಂಟಿದ ಕುದುರೆಯನ್ನು ಹುಲ್ಲುಗಾವಲಿಗೆ ಬಿಡುವವರೂ ಹೀಗೇ ಮಾತಾಡುತ್ತಾರೆ.

ಬೂದು ಕುದುರೆಯ ತಪ್ಪಿಲ್ಲ, ನಿಮ್ಮದೂ ಅಲ್ಲ. ಬೀದಿಯಲ್ಲಿ ಕಂಬ ಇಳಿಸುವವರು ಕಬ್ಬಿಣವನ್ನು ದಡಾರೆಂದು ಕೆಡವಿದರು. ಕುದುರೆ ಬೆದರಿತು. ಕೈ ಹಿಂದಕ್ಕೆ ಎಳೆದುಕೊಳ್ಳಲು ತಡವಾಯಿತು, ಅವತ್ತು ನನಗೆ ಸುಸ್ತಾಗಿತ್ತು. ಹೆಬ್ಬೆರಳು, ತೋರುಬೆರಳು ಆಡುತ್ತವೆ. ಉಳಿದ ಮೂರು ಆಡುವುದಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ನೀವು ಅಷ್ಟು ಆಸೆಪಟ್ಟು ಆರಿಸಿದ ಕುದುರೆ. ಮತ್ತೆ, ಎಡಗೈಯಲ್ಲಿ ಒಂದು ಸಾಲು ಬರೆಯುವಷ್ಟರಲ್ಲಿ ಬೆವರು ಬರುತ್ತಿತ್ತು. ಈಗ ಅಭ್ಯಾಸವಾಗಿದೆ, ನೋಡಿ.

ಹೊಸ ಡಾಕ್ಟರು ಬಂದ ದಿನ ಕಂಪನಿಯವರು ಅಪ್ಪನ ಹೆಸರಿನ ಹಲಗೆ ಕಿತ್ತು ನನ್ನ ಕೈಗೆ ಕೊಟ್ಟರು. ಮೇಸ್ತ್ರಿ ಗೇಟಿನವರೆಗೆ ಬಂದ. "ಹೋಗಿ ಬರ್ತೀನಿ ಅನ್ನಿ ಅಮ್ಮಾ, ಹೋಗ್ತೀನಿ ಅನ್ಬೇಡಿ" ಎಂದು ಅತ್ತ. ನನಗೆ ಅಳಲೂ ಬೇಸರವಾಗಿತ್ತು.

ಅವತ್ತು ಮೇಸ್ತ್ರಿಯ ಜೊತೆ ನಾನು ನಕ್ಕದ್ದು ಹುಡುಗಿಯ ಬಗ್ಗೆ ಅಲ್ಲ. ಇದನ್ನು ಬರೆದಿಡುತ್ತೇನೆ.

— ಕುದುರೆ ಡಾಕ್ಟರಾಗಿದ್ದವಳು


ನವೆಂಬರ್ ೧೯

ಡಾಕ್ಟ್ರೇ,

ನೀವು ಹೇಳಿದ್ದು ಸರಿ. ಆ ಕೊನೆಯ ಸಾಲುಗಳನ್ನು ವಾಪಸು ತೆಗೆದುಕೊಂಡೆ. ಈಗ ಬರೆಯುವುದರಲ್ಲಿ ಅಲಂಕಾರ ಏನೂ ಇಲ್ಲ.

ಸೆಪ್ಟೆಂಬರಿನಲ್ಲಿ ಮೂಗು ಸೋರುತ್ತಿದ್ದ ಮರಿಯನ್ನು ದೂರವೇ ಇಟ್ಟಿದ್ದೆ. ಆದರೂ ರೋಗ ಹರಡಿದೆ. ಎಳೆಯ ಕುದುರೆಗಳ ಗಂಟಲಲ್ಲಿ ಗಡ್ಡೆಗಳು ಏಳುತ್ತಿವೆ. ಉಸಿರು ಎಳೆಯುವಾಗ ಗರಗಸದ ಸದ್ದು. ನಾಲ್ಕು ಸತ್ತವು. ಇಲ್ಲಿ ಸುತ್ತಮುತ್ತ ಡಾಕ್ಟರಿಲ್ಲ. ಅಣ್ಣ ಬರೆದಿದ್ದಾನೆ, ಬರುವ ವರ್ಷ ವಿದ್ಯುತ್ ಟ್ರಾಮ್ ಓಡುತ್ತದೆ, ಇನ್ನು ಕುದುರೆ ಕೊಳ್ಳಬೇಡ, ಇದ್ದವನ್ನು ಸಾಯಲು ಬಿಡು, ನೀನು ವಾಪಸು ಬಾ ಎಂದು. ನಾನು ಬರುವುದಿಲ್ಲ ಎಂದು ಬರೆದೆ. ಸುತ್ತಲಿನ ರೈತರಿಗೆ, ಗಾಡಿಯವರಿಗೆ ಕುದುರೆ ಬೇಕು. ಈ ಲಾಯವನ್ನು ನಾನೇ ನಡೆಸುತ್ತೇನೆ.

ಗಡ್ಡೆ ಕೊಯ್ಯಬೇಕಂತೆ. ಎಲ್ಲಿ, ಎಷ್ಟು ಆಳ, ಯಾವಾಗ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತು. ನಿಮಗೆ ಈಗ ಒಂದೇ ಕೈ, ನನಗೆ ಎರಡಿವೆ. ಇಷ್ಟು ದಿನ ಅವು ಏನು ಮಾಡುತ್ತಿದ್ದವೆಂದು ಊರಿಗೆಲ್ಲ ಗೊತ್ತು. ನೀವು ತೋರಿಸಿ, ನಾನು ಕೊಯ್ಯುತ್ತೇನೆ.

ಕೆಲಸಕ್ಕೆ ಕರೆಯುತ್ತಿದ್ದೇನೆ. ಬಾಗಿಲಿಗೆ ನಿಮ್ಮ ಹೆಸರಿನ ಹಲಗೆ ಹಾಕಿಸುತ್ತೇನೆ, ನಿಮ್ಮ ಅಪ್ಪನದಲ್ಲ. ಬೇಗ ಉತ್ತರ ಕೊಡಿ. ರಾತ್ರಿಯೆಲ್ಲ ಆ ಗರಗಸದ ಸದ್ದು ಕೇಳಿಕೊಂಡು ಮಲಗಲು ಆಗುತ್ತಿಲ್ಲ.


ಡಿಸೆಂಬರ್ ೪

ಸಣ್ಣ ಯಜಮಾನರಿಗೆ,

ಗಡ್ಡೆ ಮೆತ್ತಗಾಗುವವರೆಗೆ ಕತ್ತಿ ಮುಟ್ಟಿಸಬೇಡಿ. ಬಿಸಿ ತೌಡನ್ನು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡಿ. ತಾನಾಗಿ ಒಡೆದರೆ ಅದೇ ಒಳ್ಳೆಯದು. ಒಡೆದದ್ದನ್ನು ತೊಳೆದ ನೀರನ್ನು ದೂರ ಚೆಲ್ಲಿ. ಬಕೆಟ್ಟುಗಳನ್ನು ಕುದಿಸಿ. ಇಷ್ಟನ್ನು ಇವತ್ತೇ ತಂತಿಯಲ್ಲೂ ಕಳಿಸುತ್ತಿದ್ದೇನೆ.

ನಾನು ಬರುತ್ತೇನೆ. ಕೆಲಸಕ್ಕೆ. ನನಗೆ ಬೇರೆ ಕೋಣೆ, ಬೇರೆ ಬಾಗಿಲು ಬೇಕು. ಒಳಗಿನಿಂದ ಅಗುಳಿ ಇರಬೇಕು. ಚುಟ್ಟ ಬಿಡುವುದಿಲ್ಲ. ಹೆಂಡತಿಯೇ ಎಂದು ಯಾರಾದರೂ ಕೇಳಿದರೆ ಡಾಕ್ಟರು ಎನ್ನಬೇಕು. ಮುಂದೆ ಏನಾದರೂ ಬದಲಾದರೆ ನಾನೇ ಹೇಳುತ್ತೇನೆ, ನೀವು ಕೇಳಬಾರದು.

ಇನ್ನೊಂದು. ನಾನು ಬರುವ ಮೊದಲು ಹುಡುಗಿಗೆ ನೀವು ಯಾರು ಎಂದು ಹೇಳಿರಬೇಕು. ಅಪ್ಪನನ್ನು ಮಾವ ಎಂದು ಕರೆಯುವ ಮನೆಯಲ್ಲಿ ನಾನು ಇರಲಾರೆ. ಸತ್ತವರ ಹೆಸರಿನಲ್ಲಿ ಇಷ್ಟು ವರ್ಷ ಬದುಕಿದ್ದೇನೆ, ಸುಳ್ಳು ಹೆಸರಿನ ಭಾರ ನನಗೆ ಗೊತ್ತು.

— ಡಾಕ್ಟರು


ಡಿಸೆಂಬರ್ ೧೬

ಡಾಕ್ಟ್ರೇ,

ತೌಡಿನ ಶಾಖಕ್ಕೆ ಆರು ಕುದುರೆಗಳ ಗಡ್ಡೆ ಒಡೆದವು. ಒಂದು ಹುಲ್ಲು ತಿಂದಿತು. ಎರಡು ಇನ್ನೂ ಹಾಗೇ ಇವೆ, ನಿಮ್ಮನ್ನು ಕಾಯುತ್ತಿವೆ.

ಹುಡುಗಿಗೆ ಹೇಳಿದೆ. ಲಾಯದ ಮೆಟ್ಟಿಲ ಮೇಲೆ ಕೂತಿದ್ದಳು. ಏನೇನೋ ಸುತ್ತಿ ಬಳಸಿ ಕಡೆಗೆ, "ನಾನು ನಿನ್ನ ಮಾವ ಅಲ್ಲ, ಅಪ್ಪ" ಎಂದೆ. "ಅಮ್ಮ ದಿನಾ ಕಿಟಕಿ ಹತ್ರ ಹಾಸಿಗೆ ಹಾಕಿಸ್ಕೊಳ್ತಿದ್ಳು. ಯಾರೋ ಬರ್ತಾರೆ ಅಂತಿದ್ಳು. ಅದು ನೀವಾ?" ಎಂದಳು. ಹೌದು ಎಂದೆ. "ಮತ್ಯಾಕೆ ಬರ್ಲಿಲ್ಲ?"

ಜನ್ಮದಲ್ಲಿ ಎಷ್ಟು ಹೆಂಗಸರಿಗೆ ಎಷ್ಟು ನೆಪ ಹೇಳಿದ್ದೇನೆ. ಒಂದೂ ಬಾಯಿಗೆ ಬರಲಿಲ್ಲ.

ಅವತ್ತಿನಿಂದ ಮಾತಾಡುತ್ತಿಲ್ಲ. ಹಾಡುವುದನ್ನೂ ನಿಲ್ಲಿಸಿದ್ದಾಳೆ. ಊಟವನ್ನು ಕಿವಿ ಕೇಳದ ಅಡುಗೆಯಮ್ಮನ ಜೊತೆ ಮಾಡುತ್ತಾಳೆ. ಹೇಳಿದ್ದು ಸರಿಯೋ ತಪ್ಪೋ ನನಗೆ ತಿಳಿಯುತ್ತಿಲ್ಲ. ಈಗ ಈ ಮನೆಗೆ ಬರುವುದು ಸುಖದ ಕೆಲಸವಲ್ಲ. ನೀವು ಬೇಡವೆಂದರೂ ನನಗೆ ಅರ್ಥವಾಗುತ್ತದೆ. ಅಗುಳಿಯನ್ನು ಮಾತ್ರ ಹಾಕಿಸಿದ್ದೇನೆ.


ಜನವರಿ ೭, ೧೮೯೫
ಜಂಕ್ಷನ್ನಿನ ಹೆಂಗಸರ ತಂಗುಕೋಣೆಯಿಂದ

ನಿಮಗೆ,

ಇಲ್ಲಿ ಗಾಡಿ ತಪ್ಪಿತು. ಮುಂದಿನದು ನಾಳೆ. ಅಂಚೆಯ ಗಾಡಿ ಈಗಲೇ ಹೊರಡುತ್ತದೆ, ಅದರಲ್ಲಿ ಜನರನ್ನು ಹತ್ತಿಸುವುದಿಲ್ಲವಂತೆ. ಹಾಗಾಗಿ ಈ ಕಾಗದ ನನಗಿಂತ ಮೊದಲು ನಿಮ್ಮನ್ನು ಮುಟ್ಟುತ್ತದೆ.

ಬೆಂಚು ಗಟ್ಟಿ. ಪಕ್ಕದಲ್ಲಿ ಒಬ್ಬ ಬಸುರಿ ತಲೆ ವಾಲಿಸಿ ನಿದ್ದೆ ಮಾಡುತ್ತಿದ್ದಾಳೆ, ನನ್ನ ಹೆಗಲ ಮೇಲೇ. ಎಬ್ಬಿಸಲು ಮನಸ್ಸಿಲ್ಲ. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಬೀಳುತ್ತಿದೆ. ಮೈಯೆಲ್ಲ ನೋವು. ಆದರೆ ಇಷ್ಟು ವರ್ಷದಲ್ಲಿ ಮೊದಲ ಸಲ ಯಾವ ಕುದುರೆಯೂ ನನಗಾಗಿ ಕಾಯದ, ಆದರೂ ಬೇಸರವಿಲ್ಲದ ಒಂದು ಮಧ್ಯಾಹ್ನ ಸಿಕ್ಕಿದೆ. ನಿಮ್ಮ ಆ ಎರಡನ್ನು ಬಿಟ್ಟರೆ.

ಹುಡುಗಿಯನ್ನು ಮಾತಾಡಿಸಲು ಹೋಗಬೇಡಿ. ನಗಿಸಲು ಹೋಗಬೇಡಿ, ನೀವು ಅದನ್ನೇ ಮಾಡುತ್ತಿರುತ್ತೀರಿ. ದಿನಾ ಅದೇ ಹೊತ್ತಿಗೆ ಅವಳಿಗೆ ಕಾಣುವ ಹಾಗೆ ಕೂತಿರಿ. ಅಷ್ಟು ಸಾಕು. ಬೇಸರಪಟ್ಟು ಎದ್ದು ಹೋಗಬೇಡಿ. ನೀವು ಎದ್ದು ಹೋಗುತ್ತೀರೋ ಇಲ್ಲವೋ ಎಂದು ಅವಳು ನೋಡುತ್ತಿದ್ದಾಳೆ. ನಾನೂ.

ಇಷ್ಟನ್ನು ಬರೆಯುವುದಕ್ಕಲ್ಲ ಕೂತದ್ದು. ನಾಳೆ ಗಾಡಿ ಎಷ್ಟು ಹೊತ್ತಿಗೆ ಬರುತ್ತದೋ ಗೊತ್ತಿಲ್ಲ, ಸ್ಟೇಷನ್ನಿನಲ್ಲಿ ನನಗಾಗಿ ಕಾಯಬೇಡಿ, ದಾರಿ ಕೇಳಿಕೊಂಡು ನಾನೇ ಬರುತ್ತೇನೆ ಎಂದು ಬರೆಯಲು ಕೂತೆ. ಎರಡು ಸಲ ಬರೆದೆ. ಎರಡು ಸಲವೂ ಹೊಡೆದುಹಾಕಿದೆ.

ಕಾಯಿರಿ.